ಏಜೆಂಟರಿಗೆ ಹಣ ಕೊಡದೆ ಕಂಪನಿ ಕಟ್ಟುವುದು: ಕೊಡಗಿನ ಸಣ್ಣ ವ್ಯಾಪಾರಕ್ಕೆ ಯಾವ ರೂಪ ಸರಿ?

ಕಾಫಿ ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾದಾಗಲೇ ನಮ್ಮ ಕಡೆ ಹೊಸ ವ್ಯಾಪಾರದ ಮಾತು ಶುರುವಾಗುವುದು. ಈ ಸಲ ಮೂರು ಕಡೆಯಿಂದ ನನಗೆ ಒಂದೇ ಪ್ರಶ್ನೆ ಬಂತು. ಸುಂಟಿಕೊಪ್ಪದ ಒಬ್ಬ ಅಕ್ಕ ತಮ್ಮದೇ ತೋಟದ ಕಾಫಿ ಹುರಿದು, ಪುಡಿ ಮಾಡಿ ಮಾರುತ್ತಿದ್ದಾರೆ. ಗೋಣಿಕೊಪ್ಪದ ಇಬ್ಬರು ಗೆಳೆಯರು ಜೇನು, ಕರಿಮೆಣಸು, ಕಾಚಂಪುಲಿಯನ್ನು (ಅಡುಗೆಗೆ ಹಾಕುವ ಕೊಡಗಿನ ಹುಳಿ ರಸ) ಕೊರಿಯರ್‌ನಲ್ಲಿ ಕಳಿಸುವ ಯೋಚನೆಯಲ್ಲಿದ್ದಾರೆ. ಸಿದ್ದಾಪುರದ ಕಡೆಯ ಒಬ್ಬ ಅಣ್ಣ ಸೈನ್ಯದಿಂದ ನಿವೃತ್ತರಾಗಿ ಬಂದು, ಪ್ರವಾಸಿಗರಿಗೆ ಟ್ರೆಕ್ಕಿಂಗ್, ರಾಫ್ಟಿಂಗ್ ನಡೆಸಬೇಕು ಅಂತಿದ್ದಾರೆ. ಕಂಪನಿ ಮಾಡಬೇಕಾ, ಬೇಡವಾ? ಮಾಡುವುದಾದರೆ ನಾವೇ ಮಾಡಬಹುದಾ, ಇಲ್ಲ ಹಣ ಕೊಟ್ಟರೆ ನೋಂದಣಿಯ ಕೆಲಸವನ್ನೆಲ್ಲ ಮಾಡಿಕೊಡುವ ಬೆಂಗಳೂರಿನ ಏಜೆಂಟರ ಪ್ಯಾಕೇಜ್ ತೆಗೆದುಕೊಳ್ಳಬೇಕಾ? ಮೂವರ ಪ್ರಶ್ನೆಯೂ ಇದೇ. ಮೂವರಿಗೂ ಉತ್ತರ ಬೇರೆ ಬೇರೆ.

ನನಗೆ ಈ ವಿಷಯ ಯಾಕೆ ಇಷ್ಟು ಮುಖ್ಯ ಅಂದರೆ, ನಾನೇ ಒಮ್ಮೆ ಪ್ಯಾಕೇಜ್ ತೆಗೆದುಕೊಂಡವಳು. ನಾನು ಮತ್ತು ನನ್ನ ನಾದಿನಿ ಸೇರಿ ಕುಶಾಲನಗರದಲ್ಲಿ ಮಸಾಲೆ ಪುಡಿ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಸಿದೆವು. ಮಾಡಿಕೊಟ್ಟವರು ಫಾರಂನಲ್ಲಿ ತಮ್ಮದೇ ಇಮೇಲ್ ಹಾಕಿದ್ದರು. ಕಂಪನಿ ಹುಟ್ಟಿದ 180 ದಿನದೊಳಗೆ, ಬಂಡವಾಳ ಬ್ಯಾಂಕಿಗೆ ಬಂದಿದೆ ಎಂದು ಒಂದು ಘೋಷಣೆ ಕೊಡಬೇಕು. ಅದರ ಫಾರಂ ಹೆಸರು ಐಎನ್‌ಸಿ-20ಎ. ಇದನ್ನು ನಮಗೆ ಯಾರೂ ಹೇಳಲಿಲ್ಲ. ನೆನಪಿಸುವ ಪತ್ರಗಳು ಅವರ ಇಮೇಲ್‌ಗೆ ಹೋದವು. ನಮಗೆ ಗೊತ್ತಾಗುವ ಹೊತ್ತಿಗೆ ದಿನ ಮೀರಿತ್ತು. ತಡವಾದದ್ದಕ್ಕೆ ಕಟ್ಟಿದ ಹಣಕ್ಕಿಂತ, ನಮ್ಮ ಕಂಪನಿಯ ಕಾಗದ ನಮ್ಮ ಕೈಯಲ್ಲೇ ಇರಲಿಲ್ಲ ಅನ್ನುವುದು ಜಾಸ್ತಿ ಬೇಸರ ತಂದಿತು.

ಶುರುವಿಗೇ ಒಂದು ನಿಜ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕಂಪನಿಯನ್ನು ನೂರಕ್ಕೆ ನೂರು ನಾವೇ ಮಾಡಿಕೊಳ್ಳಲು ಆಗುವುದಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ, ಎಲ್ಲ ನಿಯಮ ಪಾಲಿಸಿದ್ದೇವೆ ಎಂದು ವೃತ್ತಿಯಲ್ಲಿರುವ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಅಥವಾ ವಕೀಲರೊಬ್ಬರು ಘೋಷಣೆ ಕೊಡಬೇಕು. ಎಲ್‌ಎಲ್‌ಪಿಗೂ, ಅಂದರೆ ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ ಸಂಸ್ಥೆಗೂ, ಹಾಗೆಯೇ. ಆದರೆ ಅವರ ಸಹಿಗೆ ಹಣ ಕೊಡುವುದು ಬೇರೆ, ಇಡೀ ಕೆಲಸವನ್ನು ಮುಖ ನೋಡದವರ ಕೈಗೆ ಕೊಡುವುದು ಬೇರೆ. ಹೆಸರು ಹುಡುಕುವುದು, ಕಾಗದ ಜೋಡಿಸುವುದು, ಫಾರಂ ತುಂಬುವುದು, ಎಲ್ಲ ನೀವೇ ಮಾಡಿ. ನಿಮ್ಮ ಊರಿನ ಆಡಿಟರ್ ಹತ್ತಿರ ಕೂತು ಪರಿಶೀಲನೆ ಮತ್ತು ಸಹಿ ಮಾತ್ರ ಕೇಳಿ. ಹೀಗೆ ಕೇಳಿದರೆ ಒಪ್ಪುವವರು ಮಡಿಕೇರಿ, ವಿರಾಜಪೇಟೆ, ಕುಶಾಲನಗರದಲ್ಲೂ ಸಿಗುತ್ತಾರೆ. ಒಬ್ಬರೇ ನಡೆಸುವ ವ್ಯಾಪಾರಕ್ಕಾದರೆ ಈ ಸಹಿಯೂ ಬೇಡ.

ಯಾವುದನ್ನು ಇಟ್ಟು ಅಳೆಯುವುದು

ರೂಪ ಆರಿಸುವ ಮೊದಲು ಐದು ವಿಷಯ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ವ್ಯಾಪಾರ ಕೆಟ್ಟರೆ ಅಥವಾ ಯಾರಿಗಾದರೂ ಪೆಟ್ಟಾದರೆ ಮನೆ, ತೋಟದವರೆಗೆ ಸಾಲಗಾರರು ಬರಬಹುದಾ? ನಡೆಸುವವರು ಎಷ್ಟು ಜನ, ನಾಳೆ ಒಬ್ಬರು ಬಿಟ್ಟು ಹೋದರೆ ಏನು? ಪ್ರತಿ ವರ್ಷ ಎಷ್ಟು ಖರ್ಚು, ಎಷ್ಟು ಫಾರಂ? ತೆರಿಗೆ ಹೇಗೆ ಬೀಳುತ್ತದೆ? ಮುಚ್ಚಬೇಕಾದರೆ ಎಷ್ಟು ಕಷ್ಟ?

ಇವುಗಳಲ್ಲಿ ಮೂರನೆಯದನ್ನೇ ಎಲ್ಲರೂ ಮರೆಯುತ್ತಾರೆ. ಶುರು ಮಾಡುವ ಖರ್ಚನ್ನು ಎಲ್ಲರೂ ಕೇಳುತ್ತಾರೆ, ನಡೆಸುವ ಖರ್ಚನ್ನು ಕೇಳುವವರು ಕಡಿಮೆ. ಕಂಪನಿ ಮಾಡಲು ಹೋಗುವುದು ಒಂದು ಸಲದ ಹಣ. ಆಡಿಟ್, ವಾರ್ಷಿಕ ಫಾರಂ ವರ್ಷ ವರ್ಷವೂ ಬರುತ್ತವೆ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಬರುತ್ತವೆ.

ಒಬ್ಬರ ಹೆಸರಿನ ವ್ಯಾಪಾರ

ಪ್ರೊಪ್ರೈಟರ್‌ಶಿಪ್ ಅನ್ನುವುದಕ್ಕೆ ಪ್ರತ್ಯೇಕ ನೋಂದಣಿ ಕಾಯ್ದೆಯೇ ಇಲ್ಲ. ನಿಮ್ಮ ಪ್ಯಾನ್ ವ್ಯಾಪಾರದ ಪ್ಯಾನ್. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ 'ಉದ್ಯಮ್' ನೋಂದಣಿ 2020ರ ಜುಲೈ 1ರಿಂದ ಇದೆ. ಆಧಾರ್, ಪ್ಯಾನ್ ಮತ್ತು ಫೋನಿಗೆ ಬರುವ ಓಟಿಪಿ ಸಾಕು, ಶುಲ್ಕ ಸೊನ್ನೆ. ಇಲ್ಲಿ ಒಂದು ಎಚ್ಚರಿಕೆ. ಸರ್ಕಾರಿ ತಾಣದಂತೆಯೇ ಕಾಣುವ, ಹಣ ಕೇಳುವ ಬೇರೆ ತಾಣಗಳು ತುಂಬಾ ಇವೆ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಐಎನ್ ಇಲ್ಲದಿದ್ದರೆ ಅಲ್ಲಿಂದ ಹೊರಗೆ ಬನ್ನಿ. ಜಿಎಸ್‌ಟಿ ನೋಂದಣಿಗೂ ಸರ್ಕಾರ ಹಣ ಕೇಳುವುದಿಲ್ಲ. ಆಹಾರ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಬೇಸಿಕ್ ನೋಂದಣಿ ವರ್ಷಕ್ಕೆ 100 ರೂಪಾಯಿ. ಪಂಚಾಯಿತಿ ಅಥವಾ ಪುರಸಭೆಯ ಲೈಸೆನ್ಸ್ ಬೇರೆ.

ಸುಂಟಿಕೊಪ್ಪದ ಅಕ್ಕನಿಗೆ ನಾನು ಹೇಳಿದ್ದು ಇದೇ ರೂಪ. ಅದಕ್ಕೆ ಒಂದು ದೊಡ್ಡ ಕಾರಣ ತೆರಿಗೆಯಲ್ಲಿದೆ, ತೋಟದವರು ಇದನ್ನು ಗಮನವಿಟ್ಟು ಓದಬೇಕು. ತಾನೇ ಬೆಳೆದ ಕಾಫಿಯನ್ನು ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವುದು) ಮಾಡಿ ಮಾರಿದರೆ ಆ ಆದಾಯದಲ್ಲಿ ನೂರಕ್ಕೆ 25 ಭಾಗ ಮಾತ್ರ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ 40 ಭಾಗ. ಉಳಿದದ್ದು ಕೃಷಿ ಆದಾಯ. ಈ ಅನುಕೂಲ ಇರುವುದು ಬೆಳೆದವರೇ ಮಾರಿದರೆ ಮಾತ್ರ. ಅಕ್ಕ ಒಂದು ಹೊಸ ಕಂಪನಿ ಮಾಡಿ, ತೋಟದ ಬೀಜವನ್ನು ಅದಕ್ಕೆ ಮಾರಿ, ಕಂಪನಿ ಪುಡಿ ಮಾಡಿ ಮಾರಿದರೆ, ಆ ಕಂಪನಿ ಬೆಳೆಗಾರ ಅಲ್ಲ. ಅದರ ಲಾಭ ಪೂರ್ತಿ ತೆರಿಗೆಗೆ ಬೀಳುತ್ತದೆ. ಹೆಸರಿನ ಮುಂದೆ 'ಪ್ರೈವೇಟ್ ಲಿಮಿಟೆಡ್' ಬರಲಿ ಅಂತ ಇದನ್ನು ಬಿಟ್ಟುಕೊಡಬೇಕಾ? ಆಡಿಟರ್ ಹತ್ತಿರ ಹೋಗುವುದಾದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಬೇರೆಯವರಿಂದ ಬೀಜ ಕೊಂಡು ಹುರಿಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಆದರೂ ಸಣ್ಣ ವ್ಯಾಪಾರಿಗೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ದಾರಿ ಇದೆ. 2 ಕೋಟಿವರೆಗಿನ ವಹಿವಾಟಿಗೆ ನೂರಕ್ಕೆ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ 6 ಲಾಭ ಎಂದು ತೋರಿಸಿದರೆ ಸಾಕು. ಒಬ್ಬರ ವ್ಯಾಪಾರಕ್ಕೂ ಪಾರ್ಟ್ನರ್‌ಶಿಪ್‌ಗೂ ಇದು ಸಿಗುತ್ತದೆ. ಎಲ್‌ಎಲ್‌ಪಿಗೆ, ಕಂಪನಿಗೆ ಸಿಗುವುದಿಲ್ಲ.

ಕೊರತೆ ಏನು? ವ್ಯಾಪಾರದ ಸಾಲ ನಿಮ್ಮ ಸಾಲ. ಎಲ್ಲದಕ್ಕೂ ನಿಮ್ಮ ಆಸ್ತಿಯೇ ಹೊಣೆ. ಇನ್ನೊಂದು ಇದೆ. ನಾಳೆ ಕಂಪನಿಗೆ ಬದಲಾದರೆ ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ನಂಬರುಗಳನ್ನು ಹೊಸದಾಗಿ ಮಾಡಿಸಬೇಕು. ಹಳೆ ನಂಬರ್ ಅಚ್ಚಾದ ಪ್ಯಾಕೆಟ್‌ಗಳು ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಎರಡು ವರ್ಷದೊಳಗೆ ಖಂಡಿತ ಕಂಪನಿ ಮಾಡುತ್ತೇವೆ ಅನ್ನುವವರು ಕವರುಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಬೇಡಿ.

ಇಬ್ಬರು ಸೇರಿದರೆ: ಪಾರ್ಟ್ನರ್‌ಶಿಪ್ ಅಥವಾ ಎಲ್‌ಎಲ್‌ಪಿ

ಗೋಣಿಕೊಪ್ಪದ ಗೆಳೆಯರ ಪ್ರಶ್ನೆಗೆ ಉತ್ತರ ಹೇಳುವುದು ಇನ್ನೂ ಕಷ್ಟ.

1932ರ ಕಾಯ್ದೆಯ ಹಳೆ ಪಾರ್ಟ್ನರ್‌ಶಿಪ್ ಸರಳ. ಡೀಡ್ (ಪಾಲುದಾರಿಕೆಯ ಒಪ್ಪಂದ ಪತ್ರ) ಬರೆದು, ಸ್ಟಾಂಪ್ ಕಟ್ಟಿ, ಸಹಿ ಹಾಕಿದರೆ ವ್ಯಾಪಾರ ಶುರು. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ನೋಂದಣಿ ಆಗದ ಪಾಲುದಾರಿಕೆ ಸಂಸ್ಥೆ ತನಗೆ ಬರಬೇಕಾದ ಬಾಕಿಗಾಗಿ ಬೇರೆಯವರ ಮೇಲೆ ಕೋರ್ಟಿನಲ್ಲಿ ದಾವೆ ಹೂಡಲು ಆಗುವುದಿಲ್ಲ. ಅಂಗಡಿಯವರಿಗೆ ಸಾಲ ಕೊಡುವ ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ. ಅರ್ಜಿ ಕೊಡುವುದು ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆಗೆ, ಅದರ 'ಕಾವೇರಿ' ತಾಣದಲ್ಲೇ. ಆಡಿಟರ್ ಸಹಿ ಇಲ್ಲದೆ ನೀವೇ ಮಾಡಬಹುದು.

ಆದರೆ ಒಬ್ಬ ಪಾಲುದಾರ ವ್ಯಾಪಾರದ ಹೆಸರಲ್ಲಿ ಮಾಡಿದ ಸಾಲಕ್ಕೆ ಇನ್ನೊಬ್ಬನ ತೋಟವೂ ಹೊಣೆ. ನಾನು ಹೆದರುವುದು ಇಲ್ಲಿಯೇ. ನಮ್ಮಲ್ಲಿ ಎಷ್ಟೋ ಆಸ್ತಿ ಇನ್ನೂ ಭಾಗ ಆಗದೆ, ಒಕ್ಕದ (ಕೊಡವ ಮನೆತನದ) ಹೆಸರಿನಲ್ಲಿ, ಅಣ್ಣ ತಮ್ಮಂದಿರ ಜೊತೆಯಲ್ಲಿ ಇರುತ್ತದೆ. ಒಬ್ಬನ ವ್ಯಾಪಾರದ ಗಲಾಟೆ ಆ ಮನೆಯವರೆಗೂ ಬರಬಾರದು.

ಎಲ್‌ಎಲ್‌ಪಿ ಈ ಹೆದರಿಕೆಗೆ ಔಷಧಿ. 2008ರ ಕಾಯ್ದೆಯಿಂದ ಬಂದದ್ದು. ನೀವು ಹಾಕಿದ ಬಂಡವಾಳದಷ್ಟೇ ನಿಮ್ಮ ಹೊಣೆ, ಇನ್ನೊಬ್ಬನ ತಪ್ಪಿಗೆ ನಿಮ್ಮ ಮನೆ ಹೋಗುವುದಿಲ್ಲ. ಸರ್ಕಾರಿ ಶುಲ್ಕವೂ ಕಡಿಮೆ. ಹೆಸರು ಕಾಯ್ದಿರಿಸಲು 200 ರೂಪಾಯಿ. ಬಂಡವಾಳ 1 ಲಕ್ಷದವರೆಗೆ ಇದ್ದರೆ ನೋಂದಣಿಗೆ 500, 5 ಲಕ್ಷದವರೆಗೆ 2,000. ಇದರ ಮೇಲೆ ಇಬ್ಬರ ಡಿಜಿಟಲ್ ಸಹಿ (ಆನ್‌ಲೈನ್ ಫಾರಂಗೆ ಹಾಕುವ ಸಹಿ), ಒಪ್ಪಂದದ ಸ್ಟಾಂಪ್, ಆಡಿಟರ್ ಸಹಿಯ ಹಣ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಆಡಿಟ್ ಕಡ್ಡಾಯ ಇಲ್ಲ. ವರ್ಷಕ್ಕೆ ಎರಡು ಮುಖ್ಯ ಫಾರಂ: ಮೇ 30ರೊಳಗೆ ಫಾರಂ 11, ಅಕ್ಟೋಬರ್ 30ರೊಳಗೆ ಫಾರಂ 8. ಆದಾಯ ತೆರಿಗೆ ರಿಟರ್ನ್ ಇದ್ದೇ ಇದೆ. ಲಾಭದ ಮೇಲೆ ತೆರಿಗೆ ನೂರಕ್ಕೆ 30. ಲಾಭ ಕಡಿಮೆ ಇರುವವರಿಗೆ ಇದು ಭಾರ ಅನ್ನಿಸುತ್ತದೆ, ಹಳೆ ಪಾರ್ಟ್ನರ್‌ಶಿಪ್‌ಗೂ ಇದೇ ದರ. ಪಾಲುದಾರರಿಗೆ ಒಪ್ಪಂದದಲ್ಲೇ ಸಂಬಳ ಬರೆದರೆ, ಮಿತಿಯೊಳಗೆ ಅದನ್ನು ಖರ್ಚಾಗಿ ಕಳೆಯಬಹುದು.

ಎಲ್‌ಎಲ್‌ಪಿ ಆದ 30 ದಿನದೊಳಗೆ ಒಪ್ಪಂದವನ್ನು ಫಾರಂ 3ರಲ್ಲಿ ಕೊಡಬೇಕು. ಎರಡು ರೂಪದಲ್ಲೂ, ಒಪ್ಪಂದದಲ್ಲಿ ಬೇರೆ ಏನೂ ಬರೆಯದಿದ್ದರೆ ಲಾಭ ಸಮಪಾಲು ಅನ್ನುತ್ತದೆ ಕಾನೂನು. ಗೆಳೆಯರಲ್ಲಿ ಒಬ್ಬ 4 ಲಕ್ಷ ಹಾಕಿ, ಇನ್ನೊಬ್ಬ ದಿನವಿಡೀ ದುಡಿದರೆ ಸಮಪಾಲು ಸರಿಯಾ? ಅದನ್ನು ಈಗಲೇ ಮಾತಾಡಿ. ಚೆಕ್ಕಿಗೆ ಯಾರು ಸಹಿ ಹಾಕುವುದು, ಕೊಯ್ಲಿನ ಮೂರು ತಿಂಗಳು ಒಬ್ಬ ತೋಟ ಬಿಟ್ಟು ಬರಲಾಗದಿದ್ದರೆ ಹೇಗೆ, ಒಬ್ಬ ತೀರಿಕೊಂಡರೆ ಅವನ ಪಾಲು ಮನೆಯವರಿಗೆ ಹೇಗೆ ಹೋಗುವುದು, ಎಲ್ಲ ಬರೆಯಿರಿ. ಅಂತರ್ಜಾಲದ ಮಾದರಿ ಒಪ್ಪಂದವನ್ನು ಸುಮ್ನೆ ಇಳಿಸಿ ಹೆಸರು ಬದಲಿಸಬೇಡಿ. ನೀವೇ ಕೂತು ಬರೆದ ಎರಡು ಪುಟ ಅದಕ್ಕಿಂತ ಉತ್ತಮ. ಪ್ಯಾಕೇಜ್‌ನವರು ಎಂದೂ ಮಾಡಿಕೊಡಲಾಗದ ಕೆಲಸ ಇದು.

ಇವರಿಗೆ ನಾನು ಎಲ್‌ಎಲ್‌ಪಿ ಅಂದೆ. ಮೊದಲ ವರ್ಷ ಸಣ್ಣದಾಗಿ ನೋಡೋಣ, ಸಾಲ ತೆಗೆಯುವುದಿಲ್ಲ ಅಂದರೆ ನೋಂದಾಯಿತ ಪಾರ್ಟ್ನರ್‌ಶಿಪ್ ಕೂಡ ನಡೆಯುತ್ತದೆ. ರೂಪ ಯಾವುದೇ ಇರಲಿ, ಇವರಿಗೆ ಜಿಎಸ್‌ಟಿ ಮೊದಲ ದಿನದಿಂದ ಬೇಕು. ಕರ್ನಾಟಕದೊಳಗೆ ಸರಕು ಮಾರುವವರಿಗೆ 40 ಲಕ್ಷದವರೆಗೆ, ಸೇವೆ ಕೊಡುವವರಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ. ಆದರೆ ತೆರಿಗೆ ಇರುವ ಸರಕು ಗಡಿ ದಾಟಿದರೆ ಆ ಮಿತಿ ಇಲ್ಲ. ಕುಟ್ಟದ ಆಚೆ ವಯನಾಡಿಗೆ ಒಂದು ಪೊಟ್ಟಣ ಕಾಳುಮೆಣಸು ಕೊರಿಯರ್ ಮಾಡಿದರೂ ನೋಂದಣಿ ಬೇಕು.

ಒಬ್ಬರೇ, ಆದರೆ ಕಂಪನಿ ಬೇಕು: ಓಪಿಸಿ

ಸಿದ್ದಾಪುರದ ಅಣ್ಣನದು ಅಪಾಯ ಇರುವ ಕೆಲಸ. ಬರಪೊಳೆಯಲ್ಲಿ, ದುಬಾರೆಯಲ್ಲಿ ಮಳೆಗಾಲದ ನೀರು ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು ಅಲ್ವಾ. ಪಿಂಚಣಿ ಹಣ, ಮನೆ, ಮಕ್ಕಳ ಓದಿನ ಹಣ ಎಲ್ಲವನ್ನೂ ಆ ವ್ಯಾಪಾರದ ಜೊತೆ ಕಟ್ಟಬಾರದು. ಒಬ್ಬರೇ ಇರುವುದರಿಂದ ಎಲ್‌ಎಲ್‌ಪಿ ಆಗುವುದಿಲ್ಲ, ಅದಕ್ಕೆ ಇಬ್ಬರು ಬೇಕು. ಒಬ್ಬ ವ್ಯಕ್ತಿಯ ಕಂಪನಿ, ಅಂದರೆ ಓಪಿಸಿ, ಇಂಥವರಿಗೆ ಇದೆ. ಸದಸ್ಯ ಒಬ್ಬರೇ. ಅವರ ನಂತರ ಯಾರು ಅಂತ ಒಬ್ಬ ನಾಮಿನಿ ಹೆಸರು ಕೊಡಬೇಕು, ಮನೆಯಾಕೆ ಆಗಬಹುದು. ಹಿಂದೆ ವಹಿವಾಟು 2 ಕೋಟಿ ದಾಟಿದರೆ ಓಪಿಸಿ ಬಿಡಬೇಕಿತ್ತು. 2021ರ ಏಪ್ರಿಲ್‌ನಿಂದ ಆ ಮಿತಿ ಇಲ್ಲ. ವಾರ್ಷಿಕ ಸಾಮಾನ್ಯ ಸಭೆಯೂ ಬೇಡ. ಆದರೆ ವ್ಯಾಪಾರ ಎಷ್ಟೇ ಸಣ್ಣದಿದ್ದರೂ ಆಡಿಟ್ ಕಡ್ಡಾಯ.

ಅವರಿಗೆ ಎರಡು ಮಾತು ಒತ್ತಿ ಹೇಳಿದೆ. ಒಂದು, ಸೀಮಿತ ಹೊಣೆ ಅಂದರೆ ಸ್ವಂತ ನಿರ್ಲಕ್ಷ್ಯಕ್ಕೆ ರಕ್ಷಣೆ ಅಲ್ಲ. ಲೈಫ್ ಜಾಕೆಟ್ ಹಾಕಿಸದೆ ಜನರನ್ನು ನೀರಿಗೆ ಇಳಿಸಿದರೆ ಕೇಸು ನೇರ ಅವರ ಮೇಲೆಯೇ. ವಿಮೆಯನ್ನು ಕಂಪನಿಗಿಂತ ಮೊದಲು ನೋಡಬೇಕು. ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆಯ ಅನುಮತಿಗಳೂ ಬೇರೆ. ಎರಡು, ಬ್ಯಾಂಕ್ ಸಾಲ ಕೊಡುವಾಗ ಡೈರೆಕ್ಟರ್‌ನ ಸ್ವಂತ ಗ್ಯಾರಂಟಿ ಕೇಳುತ್ತದೆ. ಅಲ್ಲಿ ಸಹಿ ಹಾಕಿದರೆ ಆ ಸಾಲದ ಮಟ್ಟಿಗೆ ಕಂಪನಿಯ ಗೋಡೆ ಇಲ್ಲ.

ಹೋಂಸ್ಟೇ ನಡೆಸುವವರು ಇದನ್ನು ಓದಿ ಗಾಬರಿ ಆಗಬೇಡಿ. ವಾಸದ ಮನೆಯಲ್ಲೇ ಮೂರ್ನಾಲ್ಕು ಕೋಣೆ ಕೊಡುವವರಿಗೆ ಒಬ್ಬರ ಹೆಸರಿನ ವ್ಯಾಪಾರವೇ ಸಾಕು.

ಪ್ರೈವೇಟ್ ಲಿಮಿಟೆಡ್

ಹೊರಗಿನವರ ಬಂಡವಾಳ ಬರುವುದಿದ್ದರೆ, ಷೇರು ಕೊಟ್ಟು ಜನರನ್ನು ಸೇರಿಸುವುದಿದ್ದರೆ, ದೊಡ್ಡ ಖರೀದಿದಾರರು ಕಂಪನಿಯೇ ಬೇಕು ಅಂದರೆ ಮಾತ್ರ ಇದು. ಇಬ್ಬರು ಸದಸ್ಯರು, ಇಬ್ಬರು ಡೈರೆಕ್ಟರ್‌ಗಳು ಬೇಕು, ಅವರೇ ಇವರೂ ಆಗಬಹುದು. ಕನಿಷ್ಠ ಬಂಡವಾಳ ಇಷ್ಟೇ ಇರಬೇಕು ಅನ್ನುವ ನಿಯಮ 2015ರಲ್ಲೇ ಹೋಯಿತು.

2020ರ ಫೆಬ್ರವರಿಯಿಂದ 'ಸ್ಪೈಸ್ ಪ್ಲಸ್' ಅನ್ನುವ ಒಂದೇ ಅರ್ಜಿಯಲ್ಲಿ ಹೆಸರು, ನೋಂದಣಿ, ಪ್ಯಾನ್, ಟ್ಯಾನ್ (ಮೂಲದಲ್ಲೇ ತೆರಿಗೆ ಕಡಿತ ಮಾಡಿ ಕಟ್ಟಲು ಬೇಕಾದ ನಂಬರ್), ಬ್ಯಾಂಕ್ ಖಾತೆ, ಬೇಕಾದರೆ ಜಿಎಸ್‌ಟಿ ಎಲ್ಲ ಬರುತ್ತದೆ. ಓಪಿಸಿಗೂ ಇದೇ ಅರ್ಜಿ. ಹೆಸರಿಗೆ 1,000 ರೂಪಾಯಿ. ಅಧಿಕೃತ ಬಂಡವಾಳ (ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಕೊಡಬಹುದು ಅನ್ನುವ ಮಿತಿ) 15 ಲಕ್ಷದವರೆಗೆ ಇದ್ದರೆ ನೋಂದಣಿ ಶುಲ್ಕ ಸೊನ್ನೆ. ರಾಜ್ಯದ ಸ್ಟಾಂಪ್ ಶುಲ್ಕ ಮಾತ್ರ ಬೇರೆ, ಬಂಡವಾಳ ಹೆಚ್ಚು ಬರೆದರೆ ಅದೂ ಹೆಚ್ಚುತ್ತದೆ. ಶುರುವಿಗೆ 1 ಲಕ್ಷ ಬರೆದರೆ ಸಾಕು. ಪ್ಯಾಕೇಜ್ ಬೆಲೆಯಲ್ಲಿ 'ಸರ್ಕಾರಿ ಶುಲ್ಕ' ಅಂತ ದೊಡ್ಡ ಮೊತ್ತ ಕಂಡರೆ ರಸೀದಿ ಕೇಳಿ.

ನಡೆಸುವ ಭಾರ ಎಲ್ಲಕ್ಕಿಂತ ಜಾಸ್ತಿ. 30 ದಿನದೊಳಗೆ ಮೊದಲ ಆಡಿಟರ್ ನೇಮಕ, ಬೋರ್ಡ್ ಸಭೆಗಳು, ವಾರ್ಷಿಕ ಸಭೆ, ಆಡಿಟ್, ಲೆಕ್ಕದ ಫಾರಂ, ವಾರ್ಷಿಕ ಫಾರಂ. ಈ ಕೊನೆಯ ಎರಡು ತಡವಾದರೆ ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ, ಇಷ್ಟೇ ಅನ್ನುವ ಮಿತಿಯಿಲ್ಲ. ಎರಡು ಫಾರಂ ಒಂದು ವರ್ಷ ಮರೆತರೆ 73,000. ನಮ್ಮ ಕಂಪನಿಗೆ ಆಡಿಟ್, ಫಾರಂ ಎಲ್ಲ ಸೇರಿ ವರ್ಷಕ್ಕೆ 25 ಸಾವಿರದ ಹತ್ತಿರ ಹೋಗುತ್ತದೆ. ಮುಚ್ಚುವುದಕ್ಕೂ ಸರ್ಕಾರಿ ಶುಲ್ಕವೇ 10,000. ಲಾಭಕ್ಕೆ ತೆರಿಗೆ ಸೆಸ್ ಎಲ್ಲ ಸೇರಿ ನೂರಕ್ಕೆ 25ರಷ್ಟು ಆಗುವ ಆಯ್ಕೆ ಇದೆ, ಎಲ್‌ಎಲ್‌ಪಿಗಿಂತ ಕಡಿಮೆ. ಆದರೆ ಆ ಹಣವನ್ನು ಡಿವಿಡೆಂಡ್ ಆಗಿ ಮನೆಗೆ ತಂದರೆ ನಿಮ್ಮ ಕೈಯಲ್ಲಿ ಮತ್ತೆ ತೆರಿಗೆ. ಲಾಭವನ್ನು ವ್ಯಾಪಾರದಲ್ಲೇ ಬಿಟ್ಟು ಬೆಳೆಸುವವರಿಗೆ ಹೊಂದುತ್ತದೆ. ತಿಂಗಳ ಖರ್ಚಿಗೆ ತೆಗೆಯುವವರಿಗೆ ಹೊಂದುವುದಿಲ್ಲ.

ನೀವೇ ಕೂತು ಮಾಡುವಾಗ

ನಮ್ಮಲ್ಲಿ ಕೆಲಸ ನಿಲ್ಲುವುದು ವಿಳಾಸದ ಹತ್ತಿರ. ಕಂಪನಿಗೂ ಎಲ್‌ಎಲ್‌ಪಿಗೂ ನೋಂದಾಯಿತ ಕಚೇರಿಗೆ ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ ಮತ್ತು ಮಾಲೀಕರ ಒಪ್ಪಿಗೆ ಪತ್ರ ಬೇಕು. ಸೆಸ್ಕ್ ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ, ಪಹಣಿಯಲ್ಲಿ ಪಟ್ಟೆದಾರರ ಜೊತೆ ಹತ್ತು ಹೆಸರು. ಒಪ್ಪಿಗೆ ಪತ್ರ ಯಾರಿಂದ ತರುವುದು? ಬಿಲ್ಲಿನ ಹೆಸರನ್ನು ಮೊದಲೇ ಬದಲಿಸಿಕೊಳ್ಳಿ. ಆಗದಿದ್ದರೆ ಪೇಟೆಯಲ್ಲಿ ಸಣ್ಣ ಕೋಣೆ ಬಾಡಿಗೆಗೆ ಹಿಡಿದು ಕರಾರು ಮಾಡಿಸಿ. ಕಂಪನಿ ಮಾಡುವವರು ಮೊದಲು ಪತ್ರವ್ಯವಹಾರದ ವಿಳಾಸ ಕೊಟ್ಟು, ಕಚೇರಿಯ ದಾಖಲೆಯನ್ನು 30 ದಿನದೊಳಗೆ ಕೊಡಬಹುದು.

ಹೆಸರಿನ ವಿಷಯ. 'ಕೂರ್ಗ್' ಮತ್ತು 'ಕಾಫಿ' ಎರಡೇ ಪದ ಇಟ್ಟುಕೊಂಡು ಹೋದರೆ ಇರುವ ಹೆಸರಿನ ಹಾಗೆಯೇ ಇದೆ ಅಂತ ತಿರಸ್ಕಾರ ಆಗುವುದು ಹೆಚ್ಚು. ನಿಮ್ಮದೇ ಒಂದು ಪದ ಮುಂದೆ ಇರಲಿ. ಟ್ರೇಡ್‌ಮಾರ್ಕ್ ಹುಡುಕಾಟವನ್ನೂ ಮಾಡಿ, ಅದು ಉಚಿತ. ಒಕ್ಕದ ಹೆಸರು ಇಡುವ ಮನಸ್ಸಿದ್ದರೆ ಮೊದಲು ಮನೆಯ ಹಿರಿಯರನ್ನು ಕೇಳಿ. ಆ ಹೆಸರು ನಿಮ್ಮೊಬ್ಬರದಲ್ಲ.

ಡಿಜಿಟಲ್ ಸಹಿಗೆ ಒಬ್ಬರಿಗೆ ಎರಡು ಸಾವಿರದ ಆಸುಪಾಸು ಖರ್ಚು. ಅದಕ್ಕೆ ಫೋನಿನಲ್ಲಿ ವಿಡಿಯೊ ಪರಿಶೀಲನೆ ಇದೆ. ಜೂನ್, ಜುಲೈನಲ್ಲಿ ಕರೆಂಟ್ ಹೋಗಿ ಟವರ್ ಸತ್ತಿರುವಾಗ ಇದಕ್ಕೆ ಕೈ ಹಾಕಬೇಡಿ. ಮಳೆಗೆ ಮೊದಲು ಮುಗಿಸಿ, ಇಲ್ಲವಾದರೆ ಮಡಿಕೇರಿಗೋ ಕುಶಾಲನಗರಕ್ಕೋ ಹೋಗಿ ಮಾಡಿ. ಆಧಾರ್‌ನಲ್ಲಿ ಇರುವ ಫೋನ್ ನಂಬರ್ ಈಗಲೂ ನಿಮ್ಮ ಕೈಯಲ್ಲಿದೆಯಾ, ಪ್ಯಾನ್‌ನಲ್ಲಿರುವ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇದೆಯಾ ಅಂತ ನೋಡಿ. ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಅರ್ಜಿ ವಾಪಸ್ ಬರುವುದು ಇಂಥದಕ್ಕೇ.

ಇಷ್ಟೆಲ್ಲ ಓದಿಯೂ ಪ್ಯಾಕೇಜ್ ಸರಿ ಅನ್ನಿಸುವವರು ಇದ್ದಾರೆ. ದಿನವಿಡೀ ಬೇರೆ ಕೆಲಸ ಇರುವವರು, ಕಂಪ್ಯೂಟರ್ ಮುಂದೆ ಕೂರಲು ಆಗದವರು. ತಪ್ಪೇನಿಲ್ಲ, ತೆಗೆದುಕೊಳ್ಳಿ. ಆದರೆ ಫಾರಂನಲ್ಲಿ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಇರಲಿ. ಅರ್ಜಿ ಹಾಕುವ ಸರ್ಕಾರಿ ತಾಣದ ಲಾಗಿನ್ ನಿಮ್ಮ ಹೆಸರಿನಲ್ಲಿರಲಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಅವರ ಡ್ರಾಯರಿನಲ್ಲಿ ಬೇಡ, ನಿಮ್ಮ ಮನೆಯ ಬೀರುವಿನಲ್ಲಿ, ತೋಟದ ಕಾಗದಗಳ ಜೊತೆಯಲ್ಲೇ ಇರಲಿ.